ಸಿಪ್ಪೆಯ ಬಣ್ಣವೂ ಶೇ. 92ರ ಲೆಕ್ಕವೂ

1999ರಲ್ಲಿ ಲ್ಯೊಬೆಟ್, ಹೈನ್ಸ್, ಗಾರ್ಡ್ನರ್ ಮತ್ತು ಫ್ರಾಂಕೊ ಪ್ರಕಟಿಸಿದ ಬಾಳೆಹಣ್ಣಿನ ಪ್ರಯೋಗದ ಮಾತು ಬಂದಲ್ಲೆಲ್ಲ ಒಂದು ಅಂಕಿ ಮುಂದೆ ಬಂದು ನಿಲ್ಲುತ್ತದೆ: ಶೇ. 92. ವಾಸನೆಯನ್ನು ಅಳೆಯುವ ಎಲೆಕ್ಟ್ರಾನಿಕ್ ಮೂಗು ನೂರರಲ್ಲಿ ತೊಂಬತ್ತೆರಡು ಸಲ ಹಣ್ಣಿನ ಪಕ್ವತೆಯನ್ನು ಸರಿಯಾಗಿ ಹೇಳಿತು ಎಂದು ಅದನ್ನು ಓದುವುದು ರೂಢಿ. ಮೂಲ ಲೇಖನದ ಎದುರು ಈ ಓದು ನಿಲ್ಲುವುದಿಲ್ಲ.

ಅಗ್ಗದ ಟಿನ್ ಆಕ್ಸೈಡ್ ಸೆನ್ಸರ್‌ಗಳಿಂದ ಈ ತಂಡ ಮೂರು ಗುಂಪು ಬಾಳೆಹಣ್ಣುಗಳ ಸುತ್ತಲಿನ ಗಾಳಿಯನ್ನು 8ರಿಂದ 14 ದಿನ ಅಳೆಯಿತು. ಹಣ್ಣುಗಳನ್ನು ಏಳು ಹಂತಗಳಲ್ಲಿ ವಿಂಗಡಿಸಿತು. ಯಾವ ಹಣ್ಣು ಯಾವ ಹಂತದ್ದೆಂದು ನಿಶ್ಚಯಿಸಿದ್ದು ಏನನ್ನು ನೋಡಿ? ಸಿಪ್ಪೆಯ ಬಣ್ಣವನ್ನು. ಮೂಗಿಗೆ ಪಾಠ ಹೇಳಿದ್ದೂ ಬಣ್ಣ, ಅದರ ಉತ್ತರಕ್ಕೆ ಅಂಕ ಕೊಟ್ಟದ್ದೂ ಬಣ್ಣ. (ಶೇ. 92ರ ತಪ್ಪು ಓದನ್ನು ಆ ನಾಲ್ವರ ಮೇಲೆ ಹೊರಿಸುವಂತಿಲ್ಲ. ಬಣ್ಣದ ಆಧಾರವನ್ನು ಅವರು ಸಾರಾಂಶದಲ್ಲೇ ಬರೆದಿದ್ದಾರೆ. ಅಷ್ಟನ್ನೂ ಓದದೆ ಅಂಕಿಯನ್ನಷ್ಟೇ ಕಿತ್ತುಕೊಂಡವರು ಉತ್ತರ ಹೇಳಬೇಕು.)

ಆ ಅಂಕಿಯಾದರೂ ಸೆನ್ಸರ್‌ನದೇ? ಅದೇ ಅಳತೆಗಳನ್ನು ಮೂರು ಗಣನ ವಿಧಾನಗಳಿಗೆ ಕೊಟ್ಟಾಗ ಎಲ್‌ವಿಕ್ಯೂ ಶೇ. 92, ಫಜಿ ಆರ್ಟ್‌ಮ್ಯಾಪ್ ಶೇ. 90.3, ಎಂಎಲ್‌ಪಿ ಶೇ. 83.4 ಪಡೆದವು. ಲೇಖಕರು ಮೆಚ್ಚಿದ್ದು ಫಜಿ ಆರ್ಟ್‌ಮ್ಯಾಪ್ ಅನ್ನು. ಹೊಸದನ್ನು ಕಲಿಯುವಾಗ ಅದು ಹಳೆಯದನ್ನು ಮರೆಯುವುದಿಲ್ಲ. ತಾವೇ ಎರಡನೆಯ ಸ್ಥಾನಕ್ಕಿಟ್ಟ ವಿಧಾನದ ಅಂಕಿ ಅವರ ಹೆಸರಿಗೆ ಅಂಟಿಕೊಂಡಿದೆ.

ವ್ಯಾಪಾರಿಗಳೂ ಬಣ್ಣ ನೋಡಿಯೇ ಹಣ್ಣು ಕೊಳ್ಳುವಾಗ ಬಣ್ಣ ಸಾಲದೇ ಎಂಬ ಆಕ್ಷೇಪಕ್ಕೆ 1987ರಲ್ಲೇ ಉತ್ತರ ಸಿಕ್ಕಿತ್ತು. ಕ್ಯಾವೆಂಡಿಷ್ ಬಾಳೆಯನ್ನು ಉಷ್ಣವಲಯದ ಬಿಸಿಯಲ್ಲಿ ಹಣ್ಣು ಮಾಡಿದರೆ ತಿರುಳು ಮಾಗಿದರೂ ಸಿಪ್ಪೆಯ ಹಸಿರು ಪೂರ್ತಿ ಹೋಗುವುದಿಲ್ಲವೆಂದು ಸೀಮೋರ್, ಥಾಮ್ಸನ್, ಜಾನ್ ತೋರಿಸಿದ್ದರು. ಕರ್ನಾಟಕದ ಓದುಗರಿಗಂತೂ ಇದು ಹೊಸ ಮಾತಲ್ಲ: ಸಿಪ್ಪೆ ಹಸಿರಾಗಿದ್ದು ಒಳಗೆ ಸಿಹಿಯಾಗಿರುವ ಹಣ್ಣಿಗೆ ಇಲ್ಲಿ ಪಚ್ಚಬಾಳೆ ಎಂದೇ ಹೆಸರು.

ಅಂಥದೊಂದು ಹಣ್ಣನ್ನು ಮೂಗಿನ ಮುಂದಿಟ್ಟರೆ? ಮಾಗಿದ ತಿರುಳಿನ ಐಸೊಅಮೈಲ್ ಅಸಿಟೇಟ್ ಮೊದಲಾದ ಎಸ್ಟರ್‌ಗಳು ಗಾಳಿಗೆ ಸೇರುತ್ತವೆ, ಸೆನ್ಸರ್‌ನ ವಿದ್ಯುತ್ ರೋಧ ಇಳಿಯುತ್ತದೆ, ಯಂತ್ರ "ಹಣ್ಣು" ಎನ್ನುತ್ತದೆ. ಬಣ್ಣದ ಪಟ್ಟಿ "ಕಾಯಿ" ಎನ್ನುತ್ತದೆ. ಲೆಕ್ಕದಲ್ಲಿ ತಪ್ಪು ಬೀಳುವುದು ಮೂಗಿನ ಖಾತೆಗೆ! ಹಾಗಾದರೆ ಉಳಿದ ಶೇ. 8ರಲ್ಲಿ ಮೂಗಿನ ತಪ್ಪೆಷ್ಟು, ಸಿಪ್ಪೆಯ ತಪ್ಪೆಷ್ಟು ಎಂದು ಬಿಡಿಸುವ ದಾರಿಯೇ ಆ ಪ್ರಯೋಗದಲ್ಲಿಲ್ಲ. ಮೂಗನ್ನು ಹೊಗಳುವವರಿಗೂ ತೆಗಳುವವರಿಗೂ ಈ ಅಂಕಿ ಆಸರೆಯಾಗದು.

ಸಾಕ್ಷ್ಯವನ್ನು ತಿರುಳಿನಿಂದಲೇ ಪಡೆಯಬೇಕು. ಕಾಯಿಯಲ್ಲಿ ಸುಮಾರು ಶೇ. 20ರಷ್ಟಿರುವ ಪಿಷ್ಟ, ಪೂರ್ತಿ ಕಳಿತ ಹಣ್ಣಿನಲ್ಲಿ ಶೇ. 1–2ಕ್ಕೆ ಇಳಿಯುತ್ತದೆ. ಕೊಯ್ದ ತುಂಡಿಗೆ ಅಯೋಡಿನ್ ಹಚ್ಚಿದರೆ ಪಿಷ್ಟವಿದ್ದಲ್ಲಿ ಕಪ್ಪು-ನೀಲಿ ಕಾಣುತ್ತದೆ. ಸಕ್ಕರೆಯ ಅಂದಾಜಿಗೆ ರಿಫ್ರಾಕ್ಟೋಮೀಟರ್ ಇದೆ. ಮೂಗು ಮೂಸಿದ ಹಣ್ಣನ್ನೇ ಕೊಯ್ದು ಹೀಗೆ ಪರೀಕ್ಷಿಸುವವರೆಗೆ, 1999ರ ಪ್ರಯೋಗವನ್ನು ಉಲ್ಲೇಖಿಸುವವರು ಶೇ. 92ರ ಪಕ್ಕದಲ್ಲಿ "ಸಿಪ್ಪೆಯ ಬಣ್ಣದೊಂದಿಗೆ ಹೊಂದಿಕೆ" ಎಂದು ಬರೆಯಬೇಕು.