ಕೊಳ್ಳದ ಕೈ, ಮಾರ್ಪಡದ ಮನ

ಅಮೆರಿಕದ ವಾಹನೋದ್ಯಮಿ ಹೆನ್ರಿ ಫೋರ್ಡ್ ತನ್ನ ಒಡೆತನದ 'ಡಿಯರ್‌ಬಾರ್ನ್ ಇಂಡಿಪೆಂಡೆಂಟ್' ವಾರಪತ್ರಿಕೆಯಲ್ಲಿ 1920ರ ಮೇ ತಿಂಗಳಿನಿಂದ ಯಹೂದ್ಯರ ವಿರುದ್ಧ ಲೇಖನಮಾಲೆಯನ್ನು ಪ್ರಕಟಿಸತೊಡಗಿದನು. ಜಗತ್ತಿನ ಕೇಡುಗಳಿಗೆ ಒಂದು ಜನಾಂಗವೇ ಕಾರಣವೆಂಬ ಮಿಥ್ಯಾರೋಪವೇ ಅದರ ತಿರುಳು. ಫೋರ್ಡ್ ಕಾರುಗಳ ಮಾರಾಟಗಾರರ ಮೂಲಕವೂ ಪತ್ರಿಕೆ ಹಂಚಿಕೆಯಾಗುತ್ತಿತ್ತು. ಹೀಗೆ ಸರಕೂ ದ್ವೇಷವೂ ಒಂದೇ ಅಂಗಡಿಯಲ್ಲಿ ದೊರೆಯತೊಡಗಿದಾಗ ಅನೇಕ ಯಹೂದ್ಯರು ಆ ಕಾರನ್ನು ಕೊಳ್ಳುವುದನ್ನೇ ಬಿಟ್ಟರು. ಅವರ ಮುಖಂಡನಾದ ನ್ಯಾಯವಾದಿ ಲೂಯಿ ಮಾರ್ಷಲ್ ಬಹಿರಂಗ ಬಹಿಷ್ಕಾರದ ಕರೆಗೆ ಒಪ್ಪಲಿಲ್ಲ. ಆದರೂ ಜನರು ತಾವಾಗಿಯೇ ದೂರ ಸರಿದರು.

1927ರಲ್ಲಿ ಯಹೂದಿ ವಕೀಲ ಆರನ್ ಸಪಿರೋ ಹೂಡಿದ್ದ ಮಾನನಷ್ಟ ಮೊಕದ್ದಮೆ ವಿಚಾರಣೆಗೆ ಬಂದಿತು. ಅದೇ ವರ್ಷ ಹೊಸ ಮಾದರಿಯ ಕಾರನ್ನು ಮಾರುಕಟ್ಟೆಗೆ ತರುವ ಸಿದ್ಧತೆಯೂ ನಡೆದಿತ್ತು. ಗಿರಾಕಿಗಳ ಮುನಿಸು ಆಗ ದುಬಾರಿಯಾಗಿತ್ತು. ಜುಲೈನಲ್ಲಿ ಫೋರ್ಡ್ ಕ್ಷಮಾಯಾಚನೆಯನ್ನು ಪ್ರಕಟಿಸಿದನು. ಅದರ ಒಕ್ಕಣೆಯನ್ನು ಬರೆದುಕೊಟ್ಟವನು ಮಾರ್ಷಲನೇ. ವರ್ಷಾಂತ್ಯಕ್ಕೆ ಪತ್ರಿಕೆಯೂ ನಿಂತಿತು.

ಆದರೆ 1938ರಲ್ಲಿ, ತನ್ನ 75ನೆಯ ಜನ್ಮದಿನದಂದು, ಫೋರ್ಡ್ ನಾಜಿ ಜರ್ಮನಿಯ ಪದಕವನ್ನು ಸ್ವೀಕರಿಸಿದನು. ಪರರ ಒಕ್ಕಣೆಯನ್ನು ತನ್ನ ಹೆಸರಿನಲ್ಲಿ ಪ್ರಕಟಿಸಿದ ಮಾತ್ರಕ್ಕೆ ಮನಸ್ಸು ಶುದ್ಧವಾಗದು.

ಕೊಳ್ಳಲೊಲ್ಲದ ಕೈ ದುರ್ವಚನವನ್ನು ತಡೆಯಲು ನೆರವಾಗಬಹುದು. ಹೃದಯಪರಿವರ್ತನೆ ಅದರ ಅಳವಿಗೆ ಮೀರಿದ್ದು. ಹಾಗೆಂದು ಆ ನಿರಾಕರಣೆ ವ್ಯರ್ಥವಲ್ಲ. ತನ್ನ ದುಡಿಮೆಯ ಹಣ ದ್ವೇಷದ ದೀವಟಿಗೆಗೆ ಎಣ್ಣೆಯಾಗಬಾರದೆಂಬ ವಿವೇಕ ಎದುರಾಳಿಯ ಸೋಲನ್ನು ಕಾದು ಕುಳಿತಿರುವುದಿಲ್ಲ.