ಕಳವಿನ ಮುದ್ರೆ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ರಚಿಸಿದ ‘ಮುದ್ರಾಮಂಜೂಷ’ವು ಹೊಸಗನ್ನಡ ಗದ್ಯದ ಮೊದಲ ಹೆಜ್ಜೆಗಳಲ್ಲೊಂದೆಂಬುದು ವಿದಿತವೇ ಆಗಿದೆ. ಆದರೆ ವಾಚಕರು ಅದನ್ನು ಕೆಳಗಿಡದೆ ಓದುವುದು ಆ ಗೌರವಕ್ಕಾಗಿ ಅಲ್ಲ. ವಿಶಾಖದತ್ತನ ನಾಟಕದ ವಸ್ತುವನ್ನು ಹಿಡಿದು ಬೆಳೆಸಿದ ಈ ಕಥೆಯಲ್ಲಿ ಅವಮಾನಿತನಾದ ಚಾಣಕ್ಯನ ಸೇಡಿದೆ. ವೇಷ ಮರೆಸಿಕೊಂಡ ಚಾರರಿದ್ದಾರೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಶತ್ರುವಿನ ಕೈಸೇರಿ, ಕಪಟಲೇಖನವೊಂದರ ಮೇಲೆ ಬಿದ್ದು, ಅವನ ಮಿತ್ರಪಕ್ಷವನ್ನೇ ಒಡೆದುಬಿಡುತ್ತದೆ. ಒಂದು ಉಂಗುರದಿಂದ ಇಷ್ಟೆಲ್ಲ ಆದೀತೆ ಎಂದು ಶಂಕಿಸುವವರು, ಗ್ರಂಥ ಹುಟ್ಟಿದ ಏಳೇ ವರ್ಷಗಳಲ್ಲಿ ಅದೇ ಸಂಸ್ಥಾನದಲ್ಲಿ ನಡೆದುದನ್ನು ನೋಡಬೇಕು.

ಸಾದರ ಮಲ್ಲನೆಂಬ ರೈತನ ಮಗನೊಬ್ಬನು ನಗರದ ಹಳೆಯ ಅರಸರ ಬಳಿಯಿದ್ದ ಜಂಗಮನೊಬ್ಬನ ಆಶ್ರಯ ಪಡೆದು, ಆತನಲ್ಲಿದ್ದ ಕೆಳದಿಯ ರಾಜಮುದ್ರೆಗಳನ್ನು ಕೈವಶ ಮಾಡಿಕೊಂಡನು. ಅನಂತರ ಅವನು ಬೂದಿ ಬಸವಪ್ಪನಾದನು. ನಗರದ ಗಾದಿಗೆ ತಾನೇ ಹಕ್ಕುದಾರನೆಂದನು. ಆ ಗಾದಿಗೆ ಇಂಥ ನೆಂಟರು ಹೊಸಬರಲ್ಲ. 1763ರಲ್ಲಿ ಹೈದರನು ಬಿದನೂರಿನ ಮೇಲೆ ನಡೆದಾಗಲೂ, ಸತ್ತನೆಂದು ಎಣಿಸಿದ್ದ ಚೆನ್ನಬಸವಪ್ಪ ನಾಯಕನು ತಾನೆಂದು ಹೇಳಿಕೊಂಡ ಯುವಕನೊಬ್ಬನು ಅವನ ದಂಡಿನ ಜೊತೆಗಿದ್ದನು. ಊರು ಕೈಸೇರಿದ ಮೇಲೆ ಹೈದರನು ರಾಣಿ ವೀರಮ್ಮಾಜಿಯನ್ನೂ ಈ ಯುವಕನನ್ನೂ ಒಂದೇ ಮಧುಗಿರಿಯ ಕೋಟೆಗೆ ಕಳುಹಿಸಿದನು!

ಬೂದಿ ಬಸವಪ್ಪನ ಮಾತನ್ನು ಜನರು ನಂಬಿದುದೇಕೆ? ಮುದ್ರೆಯನ್ನು ಕಂಡು ಮಾತ್ರವಲ್ಲ. ಗೊತ್ತಾದ ಹಣವನ್ನು ತಂದುಕೊಡುವೆನೆಂದು ಅಮಲ್ದಾರನು ಕರಾರು ಮಾಡಿಕೊಳ್ಳುವ ಶರತ್ತಿನ ಪದ್ಧತಿಯು ಆಗ ಸಂಸ್ಥಾನದಲ್ಲಿತ್ತು. ಕರಾರು ತುಂಬಿಸುವ ಭಾರವೆಲ್ಲ ಕೊನೆಗೆ ರೈತನ ಬೆನ್ನಿಗೇ. ಬಾಕಿಯನ್ನೆಲ್ಲ ಮನ್ನಾ ಮಾಡುವೆನೆಂದವನ ವಂಶವೃಕ್ಷವನ್ನು ಯಾರು ತಾನೆ ಕೆದಕುವರು? 1830ರಲ್ಲಿ ರೈತರು ಊರೂರಿಗೆ ಕೂಟ ಸೇರಿದರು. ಮುದ್ರೆ ಕಳವಿನದಾಗಿದ್ದರೂ ದೂರು ಕಳವಿನದಾಗಿರಲಿಲ್ಲ. ದಂಗೆಯನ್ನು ಬರಿಯ ವಂಚಕನೊಬ್ಬನ ಆಟವೆಂದು ತಳ್ಳಿಹಾಕುವವರು ಇದನ್ನು ಮರೆಯುತ್ತಾರೆ.

ಸೇಡಿನ ಪಾಲು ತರೀಕೆರೆಯದು. ಹೈದರ್ ಟಿಪ್ಪುಗಳ ಕಾಲದಲ್ಲಿ ಸೀಮೆಯನ್ನು ಕಳೆದುಕೊಂಡು ಕೊರಗುತ್ತಿದ್ದ ಪಾಳೆಯಗಾರ ಮನೆತನದ ರಂಗಪ್ಪ ನಾಯಕನು ದಂಗೆಯನ್ನು ಕೂಡಿಕೊಂಡು, ಹಿಂದೆ ಕಡೂರು ಜಿಲ್ಲೆಯೆನಿಸಿದ್ದ ಸೀಮೆಯ ಕಲ್ಲದುರ್ಗ ಕಾಮನದುರ್ಗಗಳನ್ನು ಹಿಡಿದನು. ಬಸವಪ್ಪನು ಅರಸನೆಂಬುದನ್ನು ನಾಯಕನು ನಿಜವಾಗಿ ನಂಬಿದ್ದನೆಂದು ತೋರುವುದಿಲ್ಲ. ನಂಬುವ ಅಗತ್ಯವೂ ಅವನಿಗಿರಲಿಲ್ಲ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದಿಂದ ಬಾಬಾಬುಡನ್ ಗಿರಿಯ ಕಡೆಗೆ ಕಣ್ಣೆತ್ತಿದವರಿಗೆ, ಆ ಕಾಡು ಕಣಿವೆಗಳಲ್ಲಿ ದಂಡೊಂದನ್ನು ಕಾಡಿಸುವುದು ಎಷ್ಟು ಸುಲಭವೆಂಬುದು ತಾನೇ ತಿಳಿದೀತು.

ಕಂಪನಿಯ ಸೈನ್ಯವು 1831ರ ಜೂನ್ 12ರಂದು ನಗರವನ್ನು ಹಿಡಿಯಿತು. ಆದರೂ ತರೀಕೆರೆಯವರ ಹಟ ಅಡಗಲಿಲ್ಲ. ಆ ಮನೆತನದ ಹನುಮಪ್ಪ ನಾಯಕನು ಸೆರೆಸಿಕ್ಕಿ 1834ರಲ್ಲಿ ಗಲ್ಲಿಗೇರಿದನು. ಕಥೆಯ ಚಾಣಕ್ಯನು ಗೆದ್ದ ಮೇಲೆ ಶತ್ರುವಾದ ರಾಕ್ಷಸನನ್ನೇ ಕರೆದು ಮಂತ್ರಿಪದವಿಯನ್ನು ಕೊಡಿಸುತ್ತಾನೆ. ಇಲ್ಲಿ ಅಂಥ ಉದಾರಿಗಳಾರೂ ಬರಲಿಲ್ಲ. ದಂಗೆಯನ್ನೇ ನೆವಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕನು 1831ರ ಅಕ್ಟೋಬರಿನಲ್ಲಿ ಆಡಳಿತವನ್ನೇ ಒಡೆಯರ ಕೈಯಿಂದ ತೆಗೆದುಕೊಂಡನು. ‘ಮುದ್ರಾಮಂಜೂಷ’ದ ಕಾಲದ ಆ ದೊರೆಯು ರಾಜ್ಯವನ್ನು ಮರಳಿ ಬೇಡುತ್ತಲೇ 1868ರಲ್ಲಿ ತೀರಿಕೊಂಡನು, ಅದು ಅವನ ದತ್ತುಪುತ್ರ ಚಾಮರಾಜ ಒಡೆಯರಿಗೆ ದೊರೆತುದು 1881ರಲ್ಲಿ.