ರುಫೈದಾ(ರ) ಅವರ ಡೇರೆ: ಶುಶ್ರೂಷೆಯ ಇತಿಹಾಸದಿಂದ ಕೆಲವು ಪಾಠಗಳು

ಇಸ್ಲಾಮಿನ ಇತಿಹಾಸವನ್ನು ನಾವು ಬಹುಮಟ್ಟಿಗೆ ಯುದ್ಧ, ಒಪ್ಪಂದ ಮತ್ತು ವಿಜಯಗಳ ಸಾಲಿನಲ್ಲಿ ಓದುತ್ತೇವೆ. ಆ ಯುದ್ಧಗಳಲ್ಲಿ ಗಾಯಗೊಂಡವರು ಎಲ್ಲಿ ಮಲಗಿದ್ದರು, ಅವರ ಗಾಯವನ್ನು ತೊಳೆದವರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಮೂಡುವುದು ಅಪರೂಪ. ಹದೀಸ್ ಮತ್ತು ಸೀರಾ ಗ್ರಂಥಗಳು ಮಾತ್ರ ಅವರನ್ನು ಮರೆತಿಲ್ಲ.

ಹಿಜರಿ 5ರಲ್ಲಿ (ಕ್ರಿ.ಶ. 627) ನಡೆದ ಖಂದಕ್ ಯುದ್ಧದಲ್ಲಿ ಔಸ್ ಗೋತ್ರದ ನಾಯಕರಾದ ಸಅದ್ ಬಿನ್ ಮುಆದ್(ರ) ಅವರ ತೋಳಿನ ರಕ್ತನಾಳಕ್ಕೆ ಬಾಣ ನಾಟಿತು. ರಕ್ತ ನಿಲ್ಲಿಸಲು ಪ್ರವಾದಿ(ಸ) ತಮ್ಮ ಕೈಯಿಂದಲೇ ಗಾಯಕ್ಕೆ ಬರೆಯಿಟ್ಟರು. ಕೈ ಊದಿಕೊಂಡಿತು. ಮತ್ತೊಮ್ಮೆ ಬರೆಯಿಟ್ಟರು. ಬಳಿಕ ಹತ್ತಿರದಿಂದಲೇ ನೋಡಿಕೊಳ್ಳಲು ಅನುಕೂಲವಾಗುವಂತೆ ಮಸೀದಿಯಲ್ಲೇ ಡೇರೆ ಹಾಕಿಸಿದರು. ಅಸ್ಲಮ್ ಗೋತ್ರದ ರುಫೈದಾ(ರ) ಎಂಬ ಮಹಿಳೆ ಅಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದರೆಂದು ಇಬ್ನು ಇಸ್‌ಹಾಕ್ ಬರೆಯುತ್ತಾರೆ. ಪ್ರವಾದಿ(ಸ) ಆ ದಾರಿಯಲ್ಲಿ ಸಾಗುವಾಗ, ಬೆಳಗಾದರೆ ಬೆಳಗು ಹೇಗಿದೆಯೆಂದೂ ಸಂಜೆಯಾದರೆ ಸಂಜೆ ಹೇಗಾಯಿತೆಂದೂ ಸಅದ್(ರ)ರನ್ನು ವಿಚಾರಿಸುತ್ತಿದ್ದರು. ಅವರು ತಮ್ಮ ಸ್ಥಿತಿಯನ್ನು ತಿಳಿಸುತ್ತಿದ್ದರು.

ಸಅದ್(ರ) ಗುಣಮುಖರಾಗಲಿಲ್ಲ. ಒಂದು ರಾತ್ರಿ ಗಾಯ ಬಿರಿಯಿತು. ಮಸೀದಿಯ ಆವರಣದಲ್ಲಿದ್ದ ಗಿಫಾರ್ ಗೋತ್ರದವರು ತಮ್ಮ ಡೇರೆಯತ್ತ ಹರಿದು ಬಂದ ರಕ್ತವನ್ನು ಕಂಡು ಗಾಬರಿಗೊಂಡರು. ಸಅದ್(ರ) ಅದೇ ಗಾಯದಿಂದ ಮರಣ ಹೊಂದಿದರು. ಆ ಮರಣದಿಂದ ರುಫೈದಾ(ರ)ರ ಸೇವೆ ವ್ಯರ್ಥವಾಯಿತೆಂದು ಯಾವ ಇತಿಹಾಸಕಾರನೂ ಬರೆದಿಲ್ಲ. ಗುಣಪಡಿಸುವುದು ಅಲ್ಲಾಹನ ಕೈಯಲ್ಲಿದೆ, ಬಳಿಯಲ್ಲಿರುವುದು ಮನುಷ್ಯನ ಕೈಯಲ್ಲಿದೆ.

ರುಫೈದಾ(ರ) ಒಬ್ಬಂಟಿಯಾಗಿರಲಿಲ್ಲ. ಉಮ್ಮು ಅತಿಯ್ಯಾ(ರ) ಏಳು ಯುದ್ಧಗಳಲ್ಲಿ ಪ್ರವಾದಿ(ಸ)ಯವರ ಜೊತೆ ಹೋಗಿ ಅಡುಗೆ ಮಾಡಿದರು, ಗಾಯಾಳುಗಳಿಗೆ ಔಷಧೋಪಚಾರ ನೀಡಿದರು, ರೋಗಿಗಳನ್ನು ನೋಡಿಕೊಂಡರು. ರುಬಯ್ಯಿಅ್ ಬಿಂತ್ ಮುಅವ್ವಿದ್(ರ) ಗಾಯಾಳುಗಳಿಗೆ ನೀರುಣಿಸಿದರು, ಚಿಕಿತ್ಸೆ ನೀಡಿದರು, ಮಡಿದವರನ್ನು ಮದೀನಾಕ್ಕೆ ತಲುಪಿಸಿದರು. ಹೀಗಿರುವಾಗ, ಮಗಳು ನರ್ಸಿಂಗ್ ಕಲಿಯುತ್ತೇನೆಂದಾಗ ಅದು ನಮ್ಮ ಮನೆತನಕ್ಕೆ ತಕ್ಕ ಕೆಲಸವಲ್ಲವೆಂದು ಮುಖ ಸಿಂಡರಿಸುವವರು ಯಾವ ಮನೆತನದ ಮಾತನಾಡುತ್ತಿದ್ದಾರೆ?

ಎರಡನೆಯ ಪಾಠ ರೋಗಿಯ ಇಚ್ಛೆಗೆ ಸಂಬಂಧಿಸಿದ್ದು. ಹಿಜರಿ 11ರಲ್ಲಿ ಪ್ರವಾದಿ(ಸ) ಅಂತಿಮ ಕಾಯಿಲೆಯಲ್ಲಿದ್ದಾಗ ಮನೆಯವರು ಅವರ ಬಾಯಿಗೆ ಔಷಧಿ ಹನಿಸಿದರು. ಬೇಡವೆಂದು ಪ್ರವಾದಿ(ಸ) ಸನ್ನೆ ಮಾಡಿದರು. ರೋಗಿಗೆ ಔಷಧಿಯೆಂದರೆ ಸಹಜವಾಗಿಯೇ ಬೇಸರವಲ್ಲವೇ ಎಂದು ಭಾವಿಸಿ ಅವರು ನಿಲ್ಲಿಸಲಿಲ್ಲ. ಚೇತರಿಸಿಕೊಂಡಾಗ ಪ್ರವಾದಿ(ಸ) ಅದನ್ನು ಆಕ್ಷೇಪಿಸಿದರು. ಮನೆಯಲ್ಲಿದ್ದವರೆಲ್ಲರಿಗೂ ಅದೇ ಔಷಧಿಯನ್ನು ಹನಿಸುವಂತೆ ಆದೇಶಿಸಿದರು. ಆಗ ಜೊತೆಯಲ್ಲಿರದಿದ್ದ ಅಬ್ಬಾಸ್(ರ)ರಿಗೆ ಮಾತ್ರ ವಿನಾಯಿತಿ ದೊರೆಯಿತು. ಬುಖಾರಿಯಲ್ಲಿರುವ ಈ ವರದಿಯನ್ನು ನಮಗೆ ತಲುಪಿಸಿದವರು ಸ್ವತಃ ಆಯಿಶಾ(ರ).

ಕೊನೆಯ ದಿನದ ವರದಿಯೂ ಅವರದ್ದೇ. ಪ್ರವಾದಿ(ಸ) ಆಯಿಶಾ(ರ)ರ ಎದೆಗೆ ಒರಗಿದ್ದರು. ಪಾತ್ರೆಯ ನೀರಿನಲ್ಲಿ ಕೈಯದ್ದಿ ಮುಖ ಒರೆಸಿಕೊಳ್ಳುತ್ತಾ, ಮರಣಕ್ಕೆ ಅದರದೇ ಸಂಕಟಗಳಿವೆಯೆಂದು ಹೇಳುತ್ತಿದ್ದರು. ಆಯಿಶಾ(ರ)ರ ಸಹೋದರ ಅಬ್ದುರ್ರಹ್ಮಾನ್(ರ) ಮಿಸ್ವಾಕ್ ಹಿಡಿದು ಒಳಬಂದರು. ಪ್ರವಾದಿ(ಸ)ಯವರ ದೃಷ್ಟಿ ಅದರತ್ತ ಹೊರಳಿತು. ಅದನ್ನು ತೆಗೆದುಕೊಡಲೇ ಎಂದು ಆಯಿಶಾ(ರ) ಕೇಳಿದರು, ಪ್ರವಾದಿ(ಸ) ತಲೆಯಾಡಿಸಿದರು. ಅದು ಗಟ್ಟಿಯಾಗಿತ್ತು. ಮೃದುಗೊಳಿಸಿಕೊಡಲೇ ಎಂದು ಮತ್ತೆ ಕೇಳಿದರು, ಮತ್ತೆ ತಲೆಯಾಡಿಸಿದರು. ನೋಟವನ್ನು ಗಮನಿಸುವುದು, ಕೇಳುವುದು, ಉತ್ತರಕ್ಕಾಗಿ ಕಾಯುವುದು: ಮರಣಶಯ್ಯೆಯ ಶುಶ್ರೂಷೆಗೆ ಇದಕ್ಕಿಂತ ಉತ್ತಮ ಮಾದರಿ ನಮಗೆ ಬೇಕಿಲ್ಲ.

ಮುಂದಿನ ತಲೆಮಾರುಗಳು ಈ ಮಾದರಿಯನ್ನು ವಕ್ಫ್‌ನ ಮೂಲಕ ಸಂಸ್ಥೆಯಾಗಿ ಬೆಳೆಸಿದವು. ಕ್ರಿ.ಶ. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಬೀಮಾರಿಸ್ತಾನದಲ್ಲಿ ಸ್ತ್ರೀಪುರುಷರಿಗೆ ಪ್ರತ್ಯೇಕ ವಿಭಾಗಗಳಿದ್ದವು, ಶುಶ್ರೂಷಕರಿದ್ದರು. ಬಡವ-ಬಲ್ಲಿದ, ಊರಿನವ-ಪರವೂರಿನವ ಎಂಬ ಭೇದವಿರಲಿಲ್ಲ. ಅಲ್ಲಿ ಮೃತಪಟ್ಟವರ ಕಫನ್ ಮತ್ತು ದಫನದ ಖರ್ಚನ್ನೂ ವಕ್ಫ್ ಭರಿಸುತ್ತಿತ್ತು.

ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಹಿರಿಯರಿಗೆ ಕ್ಯಾನ್ಸರ್ ಇರುವುದು ಇಡೀ ಬಂಧುವರ್ಗಕ್ಕೆ ಗೊತ್ತಿರುತ್ತದೆ, ಅವರೊಬ್ಬರಿಗೆ ಗೊತ್ತಿರುವುದಿಲ್ಲ. ಶಸ್ತ್ರಚಿಕಿತ್ಸೆಯ ನಿರ್ಧಾರ ವಾರ್ಡಿನ ಹೊರಗೆ, ಮಕ್ಕಳ ನಡುವೆ ಆಗಿಹೋಗುತ್ತದೆ. ರಾತ್ರಿಯಿಡೀ ಎಚ್ಚರವಿದ್ದು ಅವರ ಮೈ ಒರೆಸಿದ ನರ್ಸ್‌ನ ಹೆಸರನ್ನು ಯಾರೂ ಕೇಳುವುದಿಲ್ಲ. ಇದೆಲ್ಲ ಪ್ರೀತಿಯ ಕೊರತೆಯಿಂದ ಆಗುವುದಲ್ಲವೆಂದು ನಾವು ಬಲ್ಲೆವು. ಆದರೆ ರೋಗಿಯನ್ನು ಕೇಳದ ಪ್ರೀತಿ ಅರ್ಧ ಪ್ರೀತಿ. ಚಿಕಿತ್ಸೆಯ ವಿಷಯವನ್ನು ಮೊದಲು ಅವರಿಗೇ ಮೆಲ್ಲನೆ ತಿಳಿಸೋಣ, ಅವರ ಮಾತಿಗಾಗಿ ಕಾಯೋಣ. ಅಂತಿಮ ಗಳಿಗೆಯಲ್ಲಿ ಕಲಿಮಾ ಹೇಳಿಕೊಡುವಾಗಲೂ ಬಲವಂತಪಡಿಸದೆ ಮೃದುವಾಗಿ ಹೇಳಬೇಕೆಂದು ನಮ್ಮ ಉಲಮಾಗಳು ಕಲಿಸಿದ್ದಾರೆ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅವರ ಶುಶ್ರೂಷೆ ಮಾಡುವ ಕೈಗಳಿಗೆ ತಕ್ಕ ಪ್ರತಿಫಲ ನೀಡಲಿ, ನಮ್ಮೆಲ್ಲರ ಅಂತ್ಯವನ್ನು ಈಮಾನಿನೊಂದಿಗೆ ಸುಗಮಗೊಳಿಸಲಿ. ಆಮೀನ್.